ಹನ್ನಾ ಮಿಸ್ ಗೋಡೆಯ ಮೇಲಿನ ಸುಟ್ಟ ಶಾಲೆ

ಪಿಯಾನೊ ಕ್ಲಾಸಿನ ಗೋಡೆಯ ಮೇಲೆ ಏನಿರುತ್ತದೆ? ಕಪ್ ಹಿಡಿದು ನಗುವ ಮಕ್ಕಳು, ಸರ್ಟಿಫಿಕೇಟುಗಳು, ‘ದಯವಿಟ್ಟು ಫೀಸ್ ಬೇಗ ಕಟ್ಟಿ’ ಎಂಬ ನೋಟಿಸು. ಜುಮೇರಾ ಲೇಕ್ ಟವರ್ಸ್‌ನ ಹನ್ನಾ ಮಿಸ್ ಗೋಡೆಯ ಮೇಲಿರುವುದು ಸುಟ್ಟು ಕರಕಲಾದ ಕಟ್ಟಡದ ಫೋಟೊ. ಛಾವಣಿ ಇಲ್ಲ, ಕಿಟಕಿಗಳಿಲ್ಲ.

ಕಳೆದ ಶನಿವಾರ ಮಗಳನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಅವಳು ಅಸಿಸ್ಟೆಂಟ್ ಟೀಚರ್ ಎದುರು ಪಿಯಾನೊ ಮೇಲೆ ಬೆರಳು ಕೂರಿಸುತ್ತಿದ್ದಳು. ಹೊರಗೆ ಸೋಫಾದ ಮೇಲೆ ನಾನು, ಪಕ್ಕದ ಕುರ್ಚಿಯಲ್ಲಿ ಹನ್ನಾ ಮಿಸ್. (ದುಬೈಯ ಅಪ್ಪಂದಿರ ವೀಕೆಂಡ್ ಕಳೆಯುವುದು ಇಂಥ ಸೋಫಾಗಳ ಮೇಲೆಯೇ.) ಸುಮ್ಮನಿರಲಾರದೆ ಇಂಗ್ಲಿಷಿನಲ್ಲಿ ಕೇಳಿದೆ, “ಇದೇನು ಮಿಸ್, ಭೂಕಂಪವಾ?”

“ನಾನು ಕಲಿತ ಶಾಲೆ. ನಾನು ಹುಟ್ಟುವ ಮೊದಲಿನ ಫೋಟೊ,” ಎಂದರು.

ಹನ್ನಾ ಮಿಸ್ ಪೋಲೆಂಡಿನವರು. ವಾರ್ಸಾದ ಅವರ ಸಂಗೀತ ಶಾಲೆಗೆ ಇನ್ನೂರು ವರ್ಷ ದಾಟಿದೆಯಂತೆ. ಜನ ತಮ್ಮನ್ನಾಳುತ್ತಿದ್ದ ರಷ್ಯಾದ ಚಕ್ರವರ್ತಿಯ ವಿರುದ್ಧ ದಂಗೆ ಎದ್ದರು, ಸೋತರು. ಶಾಲೆಗೆ ಬೀಗ ಬಿತ್ತು. ಮತ್ತೆ ತೆರೆಯಲು ಒಂದು ತಲೆಮಾರೇ ಕಾಯಬೇಕಾಯಿತು. ಮುಂದೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬಂದರು. ದೊಡ್ಡ ಪಾಠ ಹೇಳಕೂಡದು, ಬೇಕಿದ್ದರೆ ಮಕ್ಕಳ ಪಾಠ ಹೇಳಿಕೊಳ್ಳಿ ಎಂದರು. ಮೇಷ್ಟ್ರುಗಳು ಆಗಲಿ ಎಂದು ತಲೆಯಾಡಿಸಿ, ಗುಟ್ಟಾಗಿ ದೊಡ್ಡ ಪಾಠವನ್ನೇ ಮುಂದುವರಿಸಿದರು.

“ನಮ್ಮಜ್ಜಿ ಹಾಗೆ ಕಲಿತವರು. ಬಾಗಿಲು ಬಡಿದ ಸದ್ದಾದರೆ ಸಾಕು, ತಟ್ಟನೆ ಮಕ್ಕಳ ಪಾಠ ನುಡಿಸುತ್ತಿದ್ದರಂತೆ,” ಎಂದರು ಮಿಸ್. ಕೊನೆಗೆ ಕಟ್ಟಡವೇ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಬದುಕುಳಿದವರು ಎಲ್ಲೆಲ್ಲೋ ಜಾಗ ಹುಡುಕಿ ಮತ್ತೆ ಪಾಠಕ್ಕೆ ಕೂತರು.

ಕೇಳುತ್ತ ಕೇಳುತ್ತ ನನಗೆ ಸದಾಶಿವಣ್ಣ ನೆನಪಾದರು. ಊದ್ ಮೇಥಾದ ಹಾಲ್ ಒಂದರಲ್ಲಿ ವಾರಕ್ಕೊಮ್ಮೆ ನಮ್ಮ ಕರಾವಳಿಯ ಮಕ್ಕಳಿಗೆ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಸುತ್ತಿದ್ದವರು. ಕೆಲಸ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಲ್ಲಿ. ವಾರಕ್ಕಿರುವ ಒಂದೇ ರಜೆಯಲ್ಲಿ ಬಸ್ ಹತ್ತಿ ದುಬೈಗೆ ಬರುತ್ತಿದ್ದರು. ಹೆಂಡತಿ, ಮಕ್ಕಳು ಊರಲ್ಲಿ. ಈ ದೇಶದಲ್ಲಿ ಅವರದು ಅಂತ ಇದ್ದದ್ದು ಆ ಕ್ಲಾಸ್ ಒಂದೇ.

ಕಳೆದ ತಿಂಗಳು ಅದು ಖಲಾಸ್! ಒಬ್ಬರ ಮಗನಿಗೆ ಮ್ಯಾಥ್ಸ್ ಟ್ಯೂಷನ್. ಇನ್ನೊಬ್ಬರ ಮಗಳಿಗೆ ಈಜು. ಮತ್ತೊಬ್ಬರಿಗೆ ಪಾರ್ಕಿಂಗ್ ಸಿಗುವುದಿಲ್ಲ. ನನಗೆ? ಪಿಯಾನೊ ಪರೀಕ್ಷೆಯ ಗ್ರೇಡ್ ಇದ್ದರೆ ಮುಂದೆ ಯೂನಿವರ್ಸಿಟಿ ಅಡ್ಮಿಶನ್ನಿಗೆ ಅನುಕೂಲ ಎಂದು ಯಾರೋ ಕಿವಿ ಊದಿದರು. ಭಾಗವತಿಕೆಗೆ ಗ್ರೇಡ್ ಎಲ್ಲಿದೆ ಹೇಳಿ?

“ಬಟ್ ಪಪ್ಪಾ, ಐ ಲೈಕ್ ಸದಾ ಅಂಕಲ್ಸ್ ಕ್ಲಾಸ್,” ಎಂದಿದ್ದಳು ಮಗಳು. (ಮಕ್ಕಳನ್ನು ಕೇಳಿ ಮಕ್ಕಳ ಭವಿಷ್ಯ ರೂಪಿಸುವ ಅಪ್ಪ ಅಮ್ಮನನ್ನು ನೀವು ನೋಡಿದ್ದೀರಾ?)

ಕೊನೆಯ ದಿನ ಹಾಲಿನ ಕೀ ಇಸಿದುಕೊಳ್ಳಲು ನಾನೇ ಹೋಗಿದ್ದೆ. ಒಂದು ಮಗುವೂ ಬಂದಿರಲಿಲ್ಲ. ಸದಾಶಿವಣ್ಣ ತಾಳ ಹಾಕುವ ಜಾಗಟೆಯನ್ನು ಟವೆಲಿನಲ್ಲಿ ಸುತ್ತುತ್ತಿದ್ದರು.

“ಬೇಜಾರು ಎಂತದೂ ಇಲ್ಲ ಮಾರಾಯ್ರೆ,” ಎಂದರು. “ಆದ್ರೆ ಇನ್ನು ರಜೆ ದಿವಸ ಎಂತ ಮಾಡುದು ಅಂತ ಗೊತ್ತಾಗುದಿಲ್ಲ. ರೂಮಿನಲ್ಲಿ ಹಾಡುವ ಅಂದ್ರೆ ಮೇಲಿನ ಮಂಚದವನು ನೈಟ್ ಡ್ಯೂಟಿ ಮುಗಿಸಿ ಮಲಗಿರ್ತಾನೆ.”

ಕೀ ಜೇಬಿಗೆ ಹಾಕಿಕೊಂಡೆ. ಬಸ್ ಸ್ಟಾಪಿನವರೆಗೆ ಬಿಡುತ್ತೇನೆ ಎಂದರೆ ಬೇಡ ಎಂದು ನಡೆದೇ ಹೋದರು. ಆಮೇಲೆ ನನ್ನ ಫೋನ್ ಎತ್ತಿಲ್ಲ. ತುಂಬಾ ಸಂಕಟವಾಗುತ್ತದೆ.

ಇದನ್ನೆಲ್ಲ ಹನ್ನಾ ಮಿಸ್‌ಗೆ ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ? “ನಮ್ಮದೂ ಒಂದು ಸಂಗೀತದ ಕ್ಲಾಸ್ ಇತ್ತು ಮಿಸ್, ಮುಚ್ಚಿಹೋಯಿತು,” ಎಂದುಬಿಟ್ಟೆ, ಅವರ ದೊಡ್ಡ ಚರಿತ್ರೆಯ ಪಕ್ಕದಲ್ಲಿ ನಮ್ಮದನ್ನೂ ಕೂರಿಸುವ ಹುಕಿಯಲ್ಲಿ.

ಅವರ ಮುಖ ಬಾಡಿತು. ನನ್ನ ಕೈ ಹಿಡಿದುಕೊಂಡು, ನಿಜವಾದ ಮರುಕದಿಂದ ಕೇಳಿದರು:

“ಅಯ್ಯೋ, ಮುಚ್ಚಿಸಿದವರು ಯಾರು?”