ಡ್ರೈವರನ ಎಡಗೈ

ಹೋದ ತಿಂಗಳು ಸಾಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹಾಲಿಗೆ ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದರು. ಅದೇ ಹೊತ್ತಿಗೆ ಅನ್ನದ ಹಂಡೆ ತಂದು ಮುಚ್ಚಳ ತೆಗೆದರು. ಬಿಸಿ ಅನ್ನ, ಫಿನಾಯಿಲ್, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನನಗೆ ಕೂತಲ್ಲಿ ಕೂರಲಿಕ್ಕಾಗಲಿಲ್ಲ. ಎದ್ದು ಹೊರಗೆ ಬಂದೆ. ಸೊಸೆ ಹಿಂದೆಯೇ ಬಂದು "ಎಂತಾಯ್ತು ಅತ್ತೆ, ತಲೆ ತಿರುಗ್ತಾ?" ಅಂತ ಕೇಳಿದಳು.

"ಇಲ್ಲ ಮಾರಾಯ್ತಿ, ಡ್ರೈವರ್ ನೆನಪಾದ."

"ಯಾರು, ನಮ್ಮ ಕಾರಿನವನಾ? ಅವನು ಒಳಗೆ ಹೋಳಿಗೆ ಹೊಡೀತಾ ಇದಾನೆ" ಅಂದಳು. ಅವಳಿಗೆ ಹೇಗೆ ಗೊತ್ತಾಗಬೇಕು, ನಾನು ಹೇಳಿದ್ದು ಯಾವ ಕಾಲದ ಡ್ರೈವರ್ ಅಂತ.

ಎಮರ್ಜೆನ್ಸಿ ಮುಗಿದ ಹೊಸತು. ನಾನು ನಿಟ್ಟೂರಿನ ಕಡೆಯವಳು. ಗಂಡ ಸತ್ತಮೇಲೆ ಸಾಗರಕ್ಕೆ ಬಂದು, ಸಾಮಿಲ್ಲಿನ ಹಿಂದಿದ್ದ ಒಂದು ಆಶ್ರಮದಂಥ ಮನೆಯಲ್ಲಿ ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದೆ. ತಲೆಗೆ ಪೆಟ್ಟು ಬಿದ್ದ ಗಂಡಸರನ್ನು ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಮರದಿಂದ ಬಿದ್ದವನೊಬ್ಬ, ಕ್ವಾರಿಯಲ್ಲಿ ಸಿಡಿದ ಕಲ್ಲು ಬಡಿದವನೊಬ್ಬ, ಹೀಗೆ. ಆಸ್ಪತ್ರೆಯವರು ಹೊಲಿಗೆ ಹಾಕಿ, ಇನ್ನು ಮನೆಗೆ ಕರಕೊಂಡು ಹೋಗಿ ಅನ್ನುತ್ತಿದ್ದರು. ಮನೆಯಲ್ಲಿ ನೋಡುವವರು ಯಾರು? ಹುಚ್ಚರಲ್ಲ, ಮೊದಲಿನಂತೆಯೂ ಇಲ್ಲ... ಅಂಥವರಿಗೆ ಬೇರೆ ಜಾಗವೇ ಇರಲಿಲ್ಲ.

ಅವರಲ್ಲೊಬ್ಬ ಈ ಡ್ರೈವರ್, ತೀರ್ಥಹಳ್ಳಿ ಕಡೆಯವನು. ಆಗುಂಬೆ ಘಾಟಿಯ ತಿರುವಿನಲ್ಲಿ ಲಾರಿ ಮಗುಚಿ ತಲೆ ಒಡೆದಿತ್ತು. ಬಲಗೈ, ಬಲಗಾಲು ಸತ್ತೇ ಹೋಗಿದ್ದವು. ಮಾತೂ ಹೋಗಿತ್ತು. ನೀರು ಬೇಕು ಅನ್ನಲಿಕ್ಕೆ ಬರುತ್ತಿರಲಿಲ್ಲ, ಬೈಗುಳ ಮಾತ್ರ ಒಂದನ್ನೂ ಮರೆತಿರಲಿಲ್ಲ. ಲಾರಿಯವರ ಬೈಗುಳ, ಅವ್ವ ಅಕ್ಕ ಯಾರನ್ನೂ ಬಿಡದಂಥದ್ದು. ಖುಷಿಗೂ ಅದೇ, ಹಸಿವಿಗೂ ಅದೇ. ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಒಂದು ಬಿಡುತ್ತಿದ್ದ. ನಾನೂ "ನಿಮ್ಮಪ್ಪಂಗೆ ಹೇಳು" ಅನ್ನುತ್ತಿದ್ದೆ. ಅದು ನಮ್ಮಿಬ್ಬರ ನಮಸ್ಕಾರ.

ಆ ಮನೆ ನಡೆಸುತ್ತಿದ್ದವರನ್ನು ಎಲ್ಲರೂ ಅಮ್ಮ ಅನ್ನುತ್ತಿದ್ದರು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಯಾರ ಮೈಯಲ್ಲೂ ಹುಣ್ಣಾಗಲು ಬಿಟ್ಟವರಲ್ಲ. ಹಾಸಿಗೆ ನಾತ ಹೊಡೆದರೆ ನನ್ನ ಚರ್ಮ ಸುಲಿಯುತ್ತಿದ್ದರು. ಊಟ ಮಾತ್ರ ಅವರದೇ ಕೈಯಿಂದ. ನನ್ನಿಂದ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿಸಿ, ಎಲ್ಲರನ್ನೂ ಸಾಲಾಗಿ ಕೂರಿಸಿ, ದೊಡ್ಡ ಬೋಗುಣಿಯಲ್ಲಿ ಅನ್ನ ಸಾರು ಕಲಸಿ, ತುತ್ತು ಮಾಡಿ, ತುಟಿಗೆ ತಾಗದ ಹಾಗೆ ಬಾಯಿಗೆ ಹಾಕುತ್ತಾ ಹೋಗುತ್ತಿದ್ದರು. ಸರಸರ ಮುಗಿಯುತ್ತಿತ್ತು. ನೋಡಲು ಬಂದವರು ಕಣ್ಣೊರೆಸಿಕೊಂಡು "ಹೆತ್ತವಳೂ ಹೀಗೆ ಮಾಡಲ್ಲ" ಅನ್ನುತ್ತಿದ್ದರು.

ಡ್ರೈವರ್‌ಗೆ ಅದು ಆಗುತ್ತಿರಲಿಲ್ಲ. ಬೋಗುಣಿ ಹತ್ತಿರ ಬಂದರೆ ಸಾಕು, ಎಡಗೈ ಹಾಕಿ ಬಾಚುತ್ತಿದ್ದ. ಎಡಗೈ! ಅಷ್ಟೂ ಜನರ ಅನ್ನ ಮೈಲಿಗೆ. ಅಮ್ಮ ಮತ್ತೆ ಒಲೆ ಹಚ್ಚಬೇಕು. ಹಾಗಾಗಿ ಊಟದ ಹೊತ್ತಿಗೆ ಆ ಕೈಯನ್ನು ಟವೆಲಿನಿಂದ ಕುರ್ಚಿಗೆ ಕಟ್ಟುತ್ತಿದ್ದರು. ಅವನು ಉಗುಳುವುದು, ಒದೆಯುವುದು, ಅಮ್ಮನಿಗೇ ಬೈಯುವುದು... "ಇವನಿಗೆ ಹುಚ್ಚು ಏರ್ತಾ ಇದೆ, ಹುಚ್ಚಾಸ್ಪತ್ರೆಗೇ ಕಳಿಸ್ಬೇಕು" ಅನ್ನುವ ಮಾತು ಶುರುವಾಯಿತು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಒಂದು ದಿನ ಅಮ್ಮ ಹೊಸನಗರಕ್ಕೆ ತಿಥಿಗೆ ಹೋದರು. ಊಟ ಹಾಕುವುದು ನನ್ನ ತಲೆಗೆ ಬಂತು. ನನಗೆಲ್ಲಿ ಪುರುಸೊತ್ತು? ಬಾವಿಕಟ್ಟೆಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು. ಕರುಣೆಯೂ ಅಲ್ಲ, ಎಂತದೂ ಅಲ್ಲ. ಡ್ರೈವರನನ್ನು ಹಿತ್ತಲ ಜಗಲಿಯಲ್ಲಿ ಕೂರಿಸಿ, ಎದುರಿಗೆ ತಟ್ಟೆ ಇಟ್ಟು, "ತಿನ್ನು, ಬಿಡು, ನಿನ್ನಿಷ್ಟ" ಅಂದು ಬಟ್ಟೆಗೆ ಹೋದೆ. ತಿರುಗಿ ಬಂದರೆ ತಟ್ಟೆ ಖಾಲಿ. ಎದೆ ಮೇಲೆ ಅನ್ನ, ಮೀಸೆಯಲ್ಲಿ ಸಾರು, ಅರ್ಧ ನೆಲದ ಪಾಲು. ಉಪ್ಪಿನಕಾಯಿ ಹೋಳೊಂದನ್ನು ಕೊನೆಗೆ ಅಂತ ಬದಿಗಿಟ್ಟುಕೊಂಡು ಚೀಪುತ್ತಿದ್ದ. ನನ್ನನ್ನು ಕಂಡು ಬೈದ... ಅಷ್ಟು ಮೆತ್ತಗೆ ಅವನು ಬೈದದ್ದು ಅದೇ ಮೊದಲು.

ಅಮ್ಮ ಬಂದಮೇಲೆ ಹೇಳಿದೆ. "ಅವನ ಕೈ ಕಟ್ಬೇಡಿ ಅಮ್ಮ, ತಾನೇ ತಿಂತಾನೆ."

"ಎಡಗೈಲಾ? ನೋಡಿದವ್ರು ಎಂತ ಹೇಳ್ತಾರೆ?"

"ಬಲಗೈ ಎಲ್ಲಿಂದ ತರಾಣ?"

ಅಮ್ಮ ಎದ್ದುಹೋದರು. ಮರುದಿನ ಅವರೇ ಹೇಳಿದರು: ಸಾಲಿನಲ್ಲಿ ಬೇಡ, ಹಿತ್ತಲಲ್ಲೇ ಕೂರಲಿ, ತಟ್ಟೆ ಬೇರೆ ಇರಲಿ. ಕಟ್ಟುವುದು ನಿಂತಿತು, ಒದೆಯುವುದೂ ನಿಂತಿತು. ಹುಚ್ಚಾಸ್ಪತ್ರೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ನೆಲಕ್ಕೆ ಬೀಳುವ ಅನ್ನ ಕಡಿಮೆಯಾಗುತ್ತಾ ಬಂತು. ಆಮೇಲೆ ಅಂಗಿಯ ಗುಂಡಿ ತಾನೇ ಹಾಕಲು ಹೊರಟ. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನಾನು ನಕ್ಕರೆ ಮತ್ತೊಂದು ಬೈಗುಳ.

ಮಳೆಗಾಲ ಕಳೆದ ಮೇಲೆ ಅವನ ಹೆಂಡತಿ ಬಂದಳು, ಹೇಳದೆ ಕೇಳದೆ, ಸರಿಯಾಗಿ ಊಟದ ಹೊತ್ತಿಗೆ. ಗಂಡ ಪಾತ್ರೆ ತಿಕ್ಕುವ ಕಲ್ಲಿನ ಪಕ್ಕ ಒಬ್ಬನೇ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದಳು.

"ನಾಯಿಗೆ ಹಾಕ್ದಂಗೆ ಹಾಕಿದೀರಲ್ರೀ! ಅವ್ರ ದುಡಿಮೆಲಿ ಎಷ್ಟು ಜನ ಉಂಡಿದಾರೆ ಗೊತ್ತಾ?"

"ತಾನೇ ತಿಂತಾ ಇದಾನೆ, ಬಿಡಮ್ಮ" ಅಂದೆ. "ಕೈ ಹಿಡಿದ್ರೆ ಮತ್ತೆ ರಂಪ."

"ಮುಸುರೆ ತಿಕ್ಕೋಳು ನೀನು, ನಂಗೆ ಹೇಳ್ತೀಯಾ?"

ಅಮ್ಮ ನನ್ನ ಪರ ಬರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದರು. ಹೆಂಡತಿ ಸಂಜೆಯೇ ಬಾಡಿಗೆ ಕಾರು ತರಿಸಿ ಅವನನ್ನು ಕರಕೊಂಡು ಹೊರಟಳು. ಅವನು ಗೇಟಿನ ಸರಳು ಹಿಡಿದು ಬಿಡಲೇ ಇಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಮಾರನೇ ವರ್ಷ ಏನೋ ಕೆಲಸಕ್ಕೆ ತೀರ್ಥಹಳ್ಳಿಗೆ ಹೋದವಳು, ಘಾಟಿಯಲ್ಲಿ ಲಾರಿ ಮಗುಚಿದವನ ಮನೆ ಯಾವುದು ಅಂತ ಕೇಳಿಕೊಂಡು ಹೋದೆ. ಪಡಸಾಲೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಕೂರಿಸಿದ್ದರು. ಗುಂಡಿಯೆಲ್ಲ ಸರಿಯಾಗಿದ್ದವು. ಹೆಂಡತಿ ಪಕ್ಕ ಕೂತು ತುತ್ತು ಕೊಡುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದ, ನುಂಗುತ್ತಿದ್ದ. ಕೈ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೇ ಇರಲಿಲ್ಲ, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ನೋಡು, ಈಗ ಎಷ್ಟು ಸಾಧು ಆಗಿದಾರೆ" ಅಂದಳು. ಹಳೆಯ ಸಿಟ್ಟು ಇಟ್ಟುಕೊಂಡಿರಲಿಲ್ಲ, ನನಗೆ ಬೆಲ್ಲ ನೀರು ಕೊಟ್ಟಳು. ನಾನು ಅವನ ಎದುರಿಗೆ ಹೋಗಿ ನಿಂತೆ. ಅವನು ಶುರು ಮಾಡದ್ದಕ್ಕೆ ನಾನೇ "ನಿಮ್ಮಪ್ಪಂಗೆ ಹೇಳು" ಅಂದೆ. ನೋಡಿದ... ಬೈಯಲಿಲ್ಲ.

ಅವಳನ್ನು ಕೆಟ್ಟವಳು ಅನ್ನಲಾರೆ. ಅಮ್ಮನನ್ನೂ ಅನ್ನಲಾರೆ. ಇಬ್ಬರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದೆ. ಇಷ್ಟು ವರ್ಷ ಈ ಕಿರಿಕಿರಿ ಇರುತ್ತಿರಲಿಲ್ಲ.

ಈಗ ಅವನು ಇರಲಿಕ್ಕಿಲ್ಲ. ಸತ್ತದ್ದು ಯಾವಾಗ ಅಂತ ನನಗೆ ಯಾರು ಹೇಳಿ ಕಳಿಸುತ್ತಾರೆ? ಮದುವೆಗೆ ತೀರ್ಥಹಳ್ಳಿ ಕಡೆಯವರು ಸುಮಾರು ಜನ ಬಂದಿದ್ದರು. ವಿಚಾರಿಸೋಣ ಅಂತ ಒಬ್ಬರ ಹತ್ತಿರ ಹೋದೆ. "ಯಾರ ವಿಷ್ಯ ಅಜ್ಜಿ? ಹೆಸ್ರೇನು?" ಅಂದರು. "ಡ್ರೈವರ್" ಅಂದೆ. ಆ ಮನೆಯಲ್ಲಿ ಅವನ ಮೈ ತೊಳೆದಿದ್ದೆವು, ಅನ್ನ ಹಾಕಿದ್ದೆವು, ಕೈ ಕಟ್ಟಿದ್ದೆವು, ಬಿಚ್ಚಿದ್ದೆವು... ಒಬ್ಬರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ.