ಸಂತಿ ರೊಕ್ಕ

ನಿನ್ನೆ ನಮ್ಮ ಮುಂದಿನ ಕೋಣೆ ನೋಡಲು ಒಬ್ಬ ಹುಡುಗಿ ಬಂದಿದ್ದಳು. ಹವಳಗಾ ಕಡೆಯವಳು, ಇಲ್ಲಿ ಆಳಂದದ ದವಾಖಾನೆಯಲ್ಲಿ ನರ್ಸ್. ಕೋಣೆ ಹಿಡಿಸಿತು, ಬಾಡಿಗೆ ಹಿಡಿಸಲಿಲ್ಲ, ಆದರೂ ಹೂಂ ಅಂದಳು. ಹೋಗುವಾಗ ಚೀಲದಿಂದ ನೀರು ಕಾಯಿಸುವ ಕಾಯಿಲ್ ತೆಗೆದು ತೋರಿಸಿ, "ಇದನ್ನ ಹಚ್ಚಬಹುದಲ್ರಿ ಅಕ್ಕೋರ?" ಎಂದು ಕೇಳಿದಳು. ಅದನ್ನು ನೋಡಿದ್ದೇ ತಡ, ನನಗೆ ಸುಸ್ತಾಗಿಬಿಟ್ಟಿತು. ಹೆದರಿಕೆಯಲ್ಲ, ಸಿಟ್ಟೂ ಅಲ್ಲ, ಬರೀ ಸುಸ್ತು. "ನಾಳೆ ಹೇಳ್ತೇನಿ" ಅಂತ ಕಳಿಸಿದೆ. ಒಂದು ಬಕೆಟ್ ನೀರಿಗೆ ಇಷ್ಟು ಯೋಚನೆ ಮಾಡುವ ಮುದುಕಿ ಎಂದುಕೊಂಡಿರಬೇಕು ಆಕೆ. ನೀವೂ ಹಾಗೇ ಅಂದುಕೊಳ್ಳುವ ಮೊದಲು ಸ್ವಲ್ಪ ಕೂತು ಕೇಳಿ.

ಈ ಮನೆ ಅಮ್ಮನ ಹೆಸರಿನಲ್ಲಿದೆ. ಗಂಡ ತೀರಿಕೊಂಡ ಮೇಲೆ ನಾನು ವರ್ಗ ಮಾಡಿಸಿಕೊಂಡು ಇಲ್ಲಿಗೇ ಬಂದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. "ಮುಸಲರ ಅಕ್ಕೋರು ಕನ್ನಡ ಕಲಸ್ತಾರ" ಎಂದು ಮೊದಮೊದಲು ಮಂದಿ ಬೆರಗಾಗುತ್ತಿದ್ದರು, ಈಗ ಯಾರಿಗೂ ಬೆರಗಿಲ್ಲ, ನನಗಂತೂ ಮೊದಲಿನಿಂದಲೂ ಇರಲಿಲ್ಲ. ಇಬ್ಬರೇ ಹೆಂಗಸರು, ಮುಂದೆ ಒಂದು ಕೋಣೆ ಖಾಲಿ. ಹಾಗಾಗಿ ಹತ್ತು ಹನ್ನೆರಡು ವರ್ಷದ ಹಿಂದೆ ಮಲ್ಲಿನಾಥನನ್ನು ಇಟ್ಟುಕೊಂಡೆವು. ದನದ ದವಾಖಾನೆಯಲ್ಲಿ ಕಂಪೌಂಡರ್, ಬೀದರ ಕಡೆಯ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ಮಾತು ಕಡಿಮೆ. ಎಮ್ಮೆಗಳ ಜೊತೆ ಇದ್ದು ಇದ್ದು ಹಾಗಾಗಿದ್ದಾನೆ ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

ಬಂದ ವಾರದಲ್ಲೇ ಅವನಿಗೆ ಜ್ವರ ಬಂತು. ಅಮ್ಮ ಗಂಜಿ ಮಾಡಿ ಕೊಟ್ಟಳು. ಜ್ವರ ಇಳಿಯಿತು, ಊಟ ನಿಲ್ಲಲಿಲ್ಲ. ನಮ್ಮಲ್ಲಿ ಮಟನ್ ಬೇಯುವ ದಿನ ಅಮ್ಮ ಮೊದಲು ಅವನ ಬ್ಯಾಳಿಯನ್ನು ಬೇರೆ ಗಡಿಗೆಯಲ್ಲಿ ಮಾಡಿ, ಮುಚ್ಚಿ, ಆಮೇಲೆ ನಮ್ಮದಕ್ಕೆ ಕೈ ಹಾಕುವಳು. ಆ ಗಡಿಗೆಯನ್ನು ನಾನು ಮುಟ್ಟಿದರೂ ಬೈಗುಳ.

ಊಟ ಶುರುವಾದ ಮೇಲೆ ತಕರಾರು ಶುರುವಾಯಿತು, ಬಾಡಿಗೆಯದು. ಅಮ್ಮನದು ಹಳೆಯ ಕಾಯಿದೆ. ಮನೆಯ ರೊಟ್ಟಿ ಉಂಡವನ ಕೈಯಿಂದ ಬಾಡಿಗೆ ಇಸಕೊಳ್ಳಬಾರದು. ಅವಳ ಅಮ್ಮನೂ ಇಸಕೊಂಡಿರಲಿಲ್ಲವಂತೆ. ಹಾಗಂತ ರೊಕ್ಕ ಬೇಡ ಎನ್ನುವಷ್ಟು ನಾವು ಸ್ಥಿತಿವಂತರೇನಲ್ಲ. ಕಡೆಗೆ ಅಮ್ಮನೇ ದಾರಿ ಹುಡುಕಿದಳು. ತಿಂಗಳ ಮೊದಲ ವಾರ ಮಲ್ಲಿನಾಥ ಜೋಳದ ಡಬ್ಬಿಯ ಮೇಲೆ ರೊಕ್ಕ ಇಟ್ಟು ಹೋಗುವುದು, ಅದಕ್ಕೆ 'ಸಂತಿ ರೊಕ್ಕ' ಎನ್ನುವುದು. ಮನೆ ಮಗ ಸಂತೆಗೆ ರೊಕ್ಕ ಕೊಟ್ಟ ಹಾಗೆ. ಅಮ್ಮ ಅದನ್ನು ಅವನೆದುರು ಮುಟ್ಟುತ್ತಿರಲಿಲ್ಲ. ಅವನು ಹೋದ ಮೇಲೆ ಮುಟ್ಟುತ್ತಿದ್ದಳು, ಅದೂ ಬಹಳ ಹೊತ್ತು ಕಾಯದೆ. ಹೀಗೆ ಮೂರು ವರ್ಷ ನಡೆಯಿತು.

ಆಗ ಮನೆ ರಿಪೇರಿಗೆ ಬ್ಯಾಂಕಿನಲ್ಲಿ ಸಾಲ ತೆಗೆದೆವು. ಸಾಲದ ಜೊತೆ ಮನೆಗೆ ಇನ್ಶೂರನ್ಸ್ ಮಾಡಿಸಲೇಬೇಕು ಎಂದರು. ಏಜೆಂಟ್ ಮನೆಗೇ ಬಂದು ಫಾರ್ಮ್ ಬಿಚ್ಚಿದ. ಮನೆಯಲ್ಲಿ ಬಾಡಿಗೆಯವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಬಂತು. ಅಮ್ಮ ಒಳಗಿನಿಂದಲೇ, "ಬಾಡಿಗಿಯವರು ಯಾರೂ ಇಲ್ರಿ. ಮೂರು ಮಂದಿ ಅದೇವಿ, ಮೂರೂ ಮನಿಯವರು" ಎಂದಳು. ಅವಳ ಪಾಲಿಗೆ ಅದು ಸುಳ್ಳಲ್ಲ. ಫಾರ್ಮ್ ತುಂಬುತ್ತಿದ್ದವಳು ನಾನು. 'ಇಲ್ಲ' ಎಂದು ಬರೆದೆ.

ಏಜೆಂಟ್ ದಡ್ಡನಲ್ಲ. ಬಾಗಿಲ ತನಕ ಬಂದ ನನಗೆ ಸಣ್ಣ ದನಿಯಲ್ಲಿ, "ಅಕ್ಕೋರ, ಆ ಹುಡುಗ ರೊಕ್ಕ ಕೊಡ್ತಿದ್ರ ಬರಸ್ರಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗ್ತದ, ಆದ್ರ ನಾಳೆ ತಕರಾರು ಇರಂಗಿಲ್ಲ" ಎಂದ. ಎಷ್ಟು ಜಾಸ್ತಿ ಎಂದು ಕೇಳಿದೆ. ಒಂದು ವಾರದ ಕಾಯಿಪಲ್ಲೆಯಷ್ಟು. "ಬ್ಯಾಡ್ರಿ, ಅವ ಮನಿಯವನ ಅದಾನ" ಎಂದೆ. ಅಮ್ಮನ ಪ್ರೀತಿಯ ಮಾತನ್ನು ತೆಗೆದುಕೊಂಡು ನನ್ನ ಜಿಪುಣತನದ ಮೇಲೆ ಹೊದಿಸಿದೆ. ಈ ಏಜೆಂಟನ ಮಾತನ್ನು ನಾನು ಅಮ್ಮನಿಗೂ ಹೇಳಲಿಲ್ಲ, ಮಲ್ಲಿನಾಥನಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡೆ.

ಆ ಚಳಿಗಾಲದಲ್ಲಿ ಒಂದು ಮುಂಜಾನೆ ಮಲ್ಲಿನಾಥ ಕಾಯಿಲ್ ಹಚ್ಚಿದ, ಕರೆಂಟ್ ಹೋಯಿತು. ನಮ್ಮ ಕಡೆ ಕರೆಂಟಿನ ವಿಷಯ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಾದಷ್ಟು ನೀರಿನಲ್ಲೇ ಮೈ ತೊಳೆದುಕೊಂಡು, ಕಾಯಿಲನ್ನು ಮೂಲೆಯಲ್ಲಿಟ್ಟು, ಸ್ವಿಚ್ ಆರಿಸುವುದನ್ನು ಮರೆತು ಡ್ಯೂಟಿಗೆ ಹೋದ. ಆ ಮೂಲೆಯಲ್ಲಿ ಅಮ್ಮ ಒಲೆಗೆಂದು ತೊಗರಿ ಕಟ್ಟಿಗೆ ಒಟ್ಟಿದ್ದಳು. ಹನ್ನೊಂದರ ಹೊತ್ತಿಗೆ ಕರೆಂಟ್ ಬಂತು. ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ಓಣಿಯವರು ನೀರು ಹಾಕಿ ಆರಿಸಿದ್ದರು. ಅಮ್ಮನಿಗೆ ಏನೂ ಆಗಿರಲಿಲ್ಲ. ಮುಂದಿನ ಕೋಣೆಯ ಜಂತಿಗಳು ಸುಟ್ಟು ಅರ್ಧ ಮಾಳಿಗೆ ಕೆಳಗೆ ಕೂತಿತ್ತು. ಅವನ ಟ್ರಂಕು, ಸರ್ಟಿಫಿಕೇಟು ಎಲ್ಲ ಬೂದಿ. ಬಾಡಿಗೆಯವನ ಸಾಮಾನು ಮನೆಯ ಪಾಲಿಸಿಯಲ್ಲಿ ಬರುವುದೇ ಇಲ್ಲ, ಅವನದನ್ನು ಅವನೇ ಬೇರೆ ಮಾಡಿಸಬೇಕು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನಮ್ಮ ಮುಂದೆ ಇದ್ದದ್ದು ಒಂದೇ ಚಿಂತೆ. ಇನ್ಶೂರನ್ಸ್ ಬಂದರೆ ಮಾಳಿಗೆ, ಇಲ್ಲದಿದ್ದರೆ ಸಾಲದ ಮೇಲೆ ಸಾಲ.

ವಾರದ ನಂತರ ಇನ್ಶೂರನ್ಸಿನ ಸರ್ವೇಯರ್ ಬಂದ. ಟೇಪು ಹಿಡಿದು ಅಳೆದ, ಫೋಟೊ ತೆಗೆದ, ಪಡಸಾಲೆಯಲ್ಲಿ ಕೂತು ಚಹಾ ಕುಡಿದ. ಆಮೇಲೆ ಆ ಕೋಣೆಯಲ್ಲಿ ಯಾರಿರುತ್ತಿದ್ದರು ಎಂದು ಕೇಳಿದ.

"ನಮ್ಮ ಹುಡುಗರಿ" ಎಂದಳು ಅಮ್ಮ.

"ಹೆಸರು?"

"ಮಲ್ಲಿನಾಥ."

ಸರ್ವೇಯರ್ ಫಾರ್ಮಿನಲ್ಲಿದ್ದ ನಮ್ಮ ಹೆಸರುಗಳನ್ನು ನೋಡಿದ, ಗೋಡೆಗೆ ಒರಗಿ ನಿಂತಿದ್ದ ಮಲ್ಲಿನಾಥನ ಹಣೆಯ ವಿಭೂತಿ ನೋಡಿದ. ಪೆನ್ನು ನಿಂತಿತು. ಒಳ್ಳೆಯ ಮನುಷ್ಯ ಅವನು, ಸುಮ್ಮನೆ ಹೇಳಬಾರದು. "ನಾಕು ದಿನಕ್ಕ ಬಂದ ಬೀಗ್ರು ಅಂತ ಅಂದ್ರ ನಂದೇನೂ ತಕರಾರಿಲ್ರಿ. ರೊಕ್ಕ ಕೊಟ್ಟು ಇದ್ರ ಮಾತ್ರ ಫಾರ್ಮ್ ಸುಳ್ಳಾಗ್ತದ" ಎಂದ. ನಾನು ಮಲ್ಲಿನಾಥನ ಮುಖ ನೋಡಿದೆ. ಹೂಂ ಅನ್ನು, ಮಾರಾಯ, ಒಂದು ಹೂಂ.

ಅಮ್ಮನಿಗೆ ಬೀಗರು, ನೆಂಟರು ಎಂಬ ಮಾತೂ ಸಾಲಲಿಲ್ಲ. "ಬೀಗನೂ ಅಲ್ಲ, ಯಾರೂ ಅಲ್ಲ, ನನ್ನ ಮಗ ಅಂತ ತಿಳೀರಿ. ಬೇಕಾದ್ರ ಕುರಾನ್ ಮುಟ್ಟಿ ಹೇಳ್ತೇನಿ, ಇವನ ಕಡಿಂದ ನಾ ಬಾಡಿಗಿ ತಗೊಂಡಿಲ್ಲ" ಎಂದು ಎದ್ದೇಬಿಟ್ಟಳು.

ಮಲ್ಲಿನಾಥ ಅಡ್ಡ ಬಂದ. "ಬ್ಯಾಡ ಅಮ್ಮಾ, ನನ್ನ ಸಂಬಂಧ ಆಣಿ ಮಾಡಬ್ಯಾಡ" ಎಂದ. ಸರ್ವೇಯರ್ ಕಡೆ ತಿರುಗಿ, "ನಾ ಬಾಡಿಗಿ ಅದೇನ್ರಿ ಸರ್. ಮೂರು ವರ್ಷ ಆತು, ತಿಂಗಳಾ ಕೊಡ್ತೇನಿ" ಎಂದ.

ಕ್ಲೇಮ್ ಬರಲಿಲ್ಲ. ಸತ್ಯಾಂಶ ಮುಚ್ಚಿಟ್ಟಿದ್ದಾರೆ ಎಂಬ ಒಂದು ಸಾಲಿನ ಕಾಗದ ಬಂತು. ನಾನು ಮಲ್ಲಿನಾಥನ ಮೇಲೆ ಹರಿಹಾಯ್ದೆ, ಹರಿಶ್ಚಂದ್ರ ಎಂದೆ, ಇನ್ನೂ ಏನೇನೋ ಅಂದೆ. ಅವನು ಸಂಬಳದ ಮೇಲೆ ಸಾಲ ತೆಗೆದು ಕೋಣೆಗೆ ತಗಡು ಹೊದಿಸಿದ. ಅಮ್ಮ ಬೈಯಲಿಲ್ಲ. ಮಾಳಿಗೆ ಬಿದ್ದದ್ದಕ್ಕೆ ಅವಳು ಅತ್ತದ್ದೂ ನಾನು ನೋಡಲಿಲ್ಲ. ಮುಂದಿನ ತಿಂಗಳು ಅವನು ಎಂದಿನಂತೆ ಡಬ್ಬಿಯ ಕಡೆ ಹೋಗುತ್ತಿದ್ದಾಗ ಅವಳು ಕೈ ಚಾಚಿ, "ಅಲ್ಲಿ ಯಾಕ ಇಡ್ತಿ? ಬಾಡಿಗಿ ಇಲ್ಲಿ ಕೊಡಪಾ" ಎಂದಳು.

ಅವನು ಆ ಕೈಯಲ್ಲಿ ರೊಕ್ಕ ಇಟ್ಟ. ಅದರ ಮುಂದಿನ ತಿಂಗಳೂ ಇಟ್ಟ. ಮೂರನೆಯ ತಿಂಗಳು ಕೇಳಿಕೊಂಡು ಜೇವರ್ಗಿಗೆ ವರ್ಗ ಮಾಡಿಸಿಕೊಂಡು ಹೋದ. ಅಲ್ಲಿಂದ ಈಚೆಗೆ ಕೋಣೆ ಖಾಲಿಯೇ ಇತ್ತು. ಈಗ ನನ್ನ ರಿಟೈರ್ಮೆಂಟ್ ಹತ್ತಿರ ಬಂತು, ಅಮ್ಮನ ಔಷಧಿ ಖರ್ಚು ಏರಿತು, ಆದ್ದರಿಂದ ನರ್ಸ್ ಹುಡುಗಿ.

ಇವತ್ತು ಮುಂಜಾನೆ ಏಜೆಂಟನಿಗೆ ಫೋನ್ ಮಾಡಿ, ಬಾಡಿಗೆಯವರು ಬರುತ್ತಾರೆ, ಪಾಲಿಸಿಯಲ್ಲಿ ಬರೆಸಿಕೋ ಎಂದೆ. ಈಗಲೂ ಹೆಚ್ಚಿಗೆ ಬೀಳುವುದು ಅಷ್ಟೇ, ಒಂದು ವಾರದ ಕಾಯಿಪಲ್ಲೆ. ಫೋನ್ ಇಟ್ಟವಳಿಗೆ ನಾಚಿಕೆಯಾಯಿತು. ಮನಸ್ಸು ತಡೆಯದೆ ಮಲ್ಲಿನಾಥನಿಗೆ ಹಚ್ಚಿದೆ. ಏಜೆಂಟ್ ನನಗೆ ಮೊದಲೇ ಹೇಳಿದ್ದ, ನಾನೇ ಬೇಡವೆಂದೆ, ತಪ್ಪೆಲ್ಲ ನಿನ್ನ ಮೇಲೆ ಹೋಯಿತು ಎಂದೆಲ್ಲ ಒಂದೇ ಉಸಿರಿಗೆ ಒದರಿದೆ.

"ನನಗ ಗೊತ್ತಿತ್ರಿ ಅಕ್ಕೋರ" ಎಂದ ಅವನು. "ಕ್ಲೇಮ್ ಹೋದ ಮ್ಯಾಲ ಏಜೆಂಟ್ ಎಮ್ಮಿ ಹೊಡಕೊಂಡು ದವಾಖಾನಿಗೆ ಬಂದಿದ್ದ. ಅವನೇ ಹೇಳಿದ."

"ಮತ್ತ ಅಮ್ಮಗ ಯಾಕ ಹೇಳಲಿಲ್ಲೋ?"

"ನಾ ಹೆಂಗೂ ಬಾಡಿಗಿಯವ, ಎದ್ದು ಹೋಗಬಹುದಿತ್ತು. ನೀವು ಎಲ್ಲಿಗಿ ಹೋಗ್ತಿದ್ರಿ?"

ಆಮೇಲೆ ನಾನು ಒಳಗೆ ಹೋಗಿ ಅಮ್ಮನ ಮಂಚದ ಮೇಲೆ ಕೂತು ಏಜೆಂಟನ ಮಾತು, ಮಲ್ಲಿನಾಥ ಈಗ ಹೇಳಿದ್ದು, ಎಲ್ಲ ಹೇಳಿದೆ. ಈ ವಯಸ್ಸಿನಲ್ಲಿ ತಾಯಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಎಂದರೆ ಮೊಣಕಾಲು ನೋವಿನಲ್ಲಿ ಮಾಳಿಗೆ ಹತ್ತಿದಷ್ಟು ಕಷ್ಟ. ಅಮ್ಮ ಕೇಳಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಅವಳು ನನ್ನ ಜೊತೆ ಯಾವಾಗಲೂ ಉರ್ದುವಿನಲ್ಲೇ ಮಾತಾಡುವುದು. ಇವತ್ತು ಕನ್ನಡದಲ್ಲಿ ಮಾತಾಡಿದಳು, ಮಲ್ಲಿನಾಥನ ಜೊತೆ ಆಡುತ್ತಿದ್ದ ಕನ್ನಡ.

"ನನ್ನ ಕೈಯಾಗ ಅವ ಎಷ್ಟು ತಿಂಗಳ ಬಾಡಿಗಿ ಇಟ್ಟಾನ?"

"ಎರಡು ತಿಂಗಳದು."

"ಸಂತಿ ರೊಕ್ಕ ಇರ್ಲಿ, ಅದು ಮಗ ಕೊಟ್ಟದ್ದು. ಆ ಎರಡು ತಿಂಗಳದು ನಿನ್ನ ಪಗಾರದಾಗಿಂದ ತಗೊಂಡು ಜೇವರ್ಗಿಗಿ ಹೋಗು. ಅವನ ಕೈಯಾಗ ಕೊಟ್ಟು, ಅಮ್ಮ ತಪ್ಪಿ ಇಸಕೊಂಡಿದ್ಲು ಅಂತ ಹೇಳಿ ಬಾ."