ಬಿಂಬುಳಿ ತಿಂದ ರೆಕ್ಕೆ

ನನ್ನ ಪ್ರೀತಿಯ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ತುಸು ಬದಿಗಿಟ್ಟು ಕೇಳಿ. ಕಾವೂರಿನ ಅಲೆಕ್ಸ್ ಅವರ ಅಂಗಳದಲ್ಲಿ ಆ ಬೆಳಿಗ್ಗೆ ಕಂಡದ್ದನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಅಲೆಕ್ಸ್ ನಮ್ಮ ಇಗರ್ಜಿಯವರು. ಹಳೆಯ ಕಾರುಗಳ ಹೊಳೆಯುವ ಅಲಂಕಾರಗಳು ಮುರಿದರೆ ಬೆಸೆದುಕೊಡುವುದು ಅವರ ಕಸುಬು. ಸತುವನ್ನು ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ವಸ್ತುಗಳವು. ಬೆಂಕಿ ತುಸು ಹೆಚ್ಚಾದರೂ ಕೆಂಪಗಾಗದೆ, ಮುನ್ಸೂಚನೆಯನ್ನೇ ಕೊಡದೆ ಕುಸಿದುಬೀಳುತ್ತವೆ. ಆದ್ದರಿಂದ ಅಲೆಕ್ಸ್ ಮುರಿದ ತುದಿಗಳಿಗೆ ತೂತು ಕೊರೆದು, ಒಳಗೆ ಹಿತ್ತಾಳೆಯ ಕಡ್ಡಿ ಕೂರಿಸಿ, ಬೇಗ ಕರಗುವ ಬೆಸುಗೆಯನ್ನು ಹನಿಹನಿಯಾಗಿ ತುಂಬುವರು. ಆಗ ಉಸಿರನ್ನೂ ಬಿಗಿಹಿಡಿಯುವರು. ನನಗದು ಪ್ರಾರ್ಥನೆಯಂತೆಯೇ ಕಾಣುತ್ತಿತ್ತು.

ಬಂದರಿನ ವ್ಯಾಪಾರಿ ಅಹ್ಮದ್ ಬಾವ ಅವರ ಹಳೆಯ ಕಾರಿನ ಮೂತಿಯ ಮೇಲೆ ಇಂಥದೇ ಲೋಹದ ಒಂದು ಹಕ್ಕಿಯಿತ್ತು. ಅದರ ರೆಕ್ಕೆ ಮುರಿದಿತ್ತು. ಮೊಮ್ಮಗಳು ಜುವೈರಿಯಾಗೆ ಮದುವೆಯ ದಿನ ಅಜ್ಜನ ಕಾರಿನಲ್ಲೇ, ಆ ಹಕ್ಕಿಯ ಹಿಂದೆಯೇ ಕುಳಿತು ಹೋಗಬೇಕೆಂಬ ಆಸೆ. ಅಂಥ ಹಕ್ಕಿ ಬೇರೆಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

ಅಲೆಕ್ಸ್ ಹಳೆಯ ಲೇಪವನ್ನು ತೆಗೆದು, ರೆಕ್ಕೆಯನ್ನು ಬೆಸೆದು, ಹಕ್ಕಿಯನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟಿದ್ದರು. ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬ ಹತ್ತಿರವಾಗಿತ್ತು. ಅವರ ಪತ್ನಿ ಡಾಲಿ ದೇವರ ಪೀಠದ ಹಿತ್ತಾಳೆಯ ದೀಪಕಂಬಗಳನ್ನು ಹೊಳೆಯಿಸಲು, ನಮ್ಮ ಮನೆಗಳ ವಾಡಿಕೆಯಂತೆ, ಮೀನುಸಾರಿಗೆ ಹಾಕುವ ಹುಳಿಕಾಯಿ ಬಿಂಬುಳಿಯನ್ನು ಜಜ್ಜಿ ಅದರ ರಸದಲ್ಲಿ ನೆನೆಹಾಕುತ್ತಿದ್ದರು. ಹಕ್ಕಿ ಮಂಕಾಗಿ ಕಂಡಿತು. ಗಂಡನಿಗೆ ನೆರವಾಗಲೆಂದು ಅದನ್ನೂ ಅದೇ ಬೋಗುಣಿಗೆ ಹಾಕಿಬಿಟ್ಟರು.

ಮರುದಿನ ಬಲಿಪೂಜೆ ಮುಗಿಸಿ ನಾನು ಆ ದಂಪತಿಯೊಡನೆ ಅವರ ಮನೆಗೆ ಹೋದೆ. ಡಾಲಿ ಬೋಗುಣಿಗೆ ಕೈಹಾಕಿದರು. ಕಂಬಗಳು ಚಿನ್ನದಂತೆ ಎದ್ದುಬಂದವು. ಆದರೆ ಹಕ್ಕಿ! ಮೈತುಂಬ ಕುಳಿಗಳು, ಮುಟ್ಟಿದಲ್ಲೆಲ್ಲ ಕಪ್ಪು ಹುಡಿ, ಬೆಸೆದ ರೆಕ್ಕೆಗೆ ತುದಿಯೇ ಇಲ್ಲ.

"ಅಯ್ಯೋ ದೇವರೇ, ಇದೆಂತದು! ಎಂತ ಆಯ್ತು ಇದಕ್ಕೆ?" ಡಾಲಿ ಚೀರಿದರು. ಅಲೆಕ್ಸ್ ಹಕ್ಕಿಯನ್ನು ಕೈಗೆತ್ತಿಕೊಂಡರು. ಆಗಲೇ ಗೇಟಿನ ಸದ್ದಾಯಿತು.

"ಪೊರ್ಬುಲೆ, ನನ್ನ ಹಕ್ಕಿ ಹಾರ್ಲಿಕ್ಕೆ ರೆಡಿ ಉಂಟಾ?" ಎಂದು ಅಲೆಕ್ಸ್ ಅವರನ್ನು ಕೂಗುತ್ತಾ ಒಳಬಂದ ಬಾವ, ಅದನ್ನು ಕಂಡೊಡನೆ ತಲೆಯ ಮೇಲೆ ಕೈಯಿಟ್ಟರು. "ಯಾ ಅಲ್ಲಾಹ್! ಇಲಿ ತಿಂದದ್ದಾ ಮಾರಾಯ್ರೆ? ಯಾರು ಮಾಡಿದ್ದು ಇದು?"

ಅಲೆಕ್ಸ್ ಈಗ ಹೆಂಡತಿಯತ್ತ ತಿರುಗುವರೆಂದು ನಾನು ಹೆದರಿದೆ. ಇಂಥ ಗಳಿಗೆಯಲ್ಲಿ ಬೆರಳು ತಾನಾಗಿಯೇ ಏಳುತ್ತದಲ್ಲವೇ?

"ನನ್ನದೇ ತಪ್ಪು, ಬಾವಾಕ," ಎಂದರು ಅಲೆಕ್ಸ್. "ಈ ಲೋಹಕ್ಕೆ ಹುಳಿ ತಾಗಬಾರದು ಅಂತ ಮನೆಯಲ್ಲಿ ಒಂದು ದಿನ ಸಹ ಹೇಳಲಿಲ್ಲ ನಾನು."

"ಅವರದ್ದಲ್ಲ! ಬಿಂಬುಳಿಗೆ ಹಾಕಿದ್ದು ನಾನು," ಎಂದು ಡಾಲಿ ಅತ್ತರು.

"ನೀನು ಗೊತ್ತಿಲ್ಲದೆ ಹಾಕಿದ್ದು. ಗೊತ್ತಿದ್ದೂ ಹೇಳದವ ನಾನು."

ಬಂಧುಗಳೇ, ಹಕ್ಕಿಯ ಗತಿಗಿಂತ ಈ ಮಾತೇ ನನ್ನನ್ನು ಹೆಚ್ಚು ದಂಗುಬಡಿಸಿತು. ಬಾವ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತರು. "ಮೀನಿಗೆ ಹಾಕುವುದನ್ನು ಹಕ್ಕಿಗೆ ಹಾಕಿದ್ದಾ ಬಾಯಮ್ಮ?" ಎಂದು ಡಾಲಿಯನ್ನು ಕೇಳಿದರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ಹಣಕಿತು. "ಹುಡುಗಿಗೆ ಎಂತ ಹೇಳುವುದು ಈಗ?"

"ಉಳಿದದ್ದನ್ನು ಉಳಿಸ್ತೇನೆ," ಎಂದರು ಅಲೆಕ್ಸ್. " ಮೊದಲಿನ ಹಾಗೆ ಆಗ್ತದೆ ಅಂತ ಸುಳ್ಳು ಹೇಳುವುದಿಲ್ಲ."

ಅಲೆಕ್ಸ್ ಒಂದೊಂದೇ ಕುಳಿಯನ್ನು ಕೆರೆದು, ತಾಮ್ರ ಲೇಪಿಸಿ, ಬೆಸುಗೆ ತುಂಬಿ ಉಜ್ಜಿದರು. ಜುವೈರಿಯಾಳ ಮದುವೆಯ ದಿನ ಹಕ್ಕಿ ಕಾರಿನ ಮೇಲಿತ್ತು, ಒಂದು ರೆಕ್ಕೆ ಗಿಡ್ಡ. ಕಾರು ಹೊರಡುವ ಮುನ್ನ ಅದನ್ನು ಒಣಬಟ್ಟೆಯಿಂದ ಒರೆಸಿದವರು ಡಾಲಿ. ಹೇಗೆ ಒರೆಸಬೇಕೆಂದು ಈ ಸಲ ಅಲೆಕ್ಸ್ ಹೇಳಿಕೊಟ್ಟಿದ್ದರು.

ನಿಮ್ಮ ಮನೆಯಲ್ಲೂ ಪ್ರೀತಿಯಿಂದ ಮಾಡಿದ ಕೆಲಸವೊಂದು ಕೆಡಬಹುದು. ಆಗ ಬೆರಳೆತ್ತುವ ಮೊದಲು, ಅವರಿಗೆ ತಿಳಿಯಬೇಕಾದುದನ್ನು ನಾನು ತಿಳಿಸಿದ್ದೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕೈಮುಗಿದು ಬೇಡುತ್ತೇನೆ, ಅಲೆಕ್ಸ್ ನಡೆದಂತೆ ನೀವೂ ನಡೆಯಿರಿ.